ಬಂಧುದರ್ಶನ ಯಾತ್ರೆ

ದಸರೆಯ ರಜೆಯಲ್ಲಿ ಮಗನಿಗೆ ದೇಶದರ್ಶನವಾಗಬೇಕೆಂಬ ಘನೋದ್ದೇಶದಿಂದ ಬೆಂಗಳೂರನ್ನು ಬಿಟ್ಟ ರಾಯರ ಸಂಸಾರವು, ಕಡೂರಿನ ಚಿಕ್ಕಪ್ಪನವರಲ್ಲಿ ಉಪ್ಪಿಟ್ಟನ್ನೂ ಬೀರೂರಿನ ಭಾವಮೈದುನನಲ್ಲಿ ಪುನಃ ಉಪ್ಪಿಟ್ಟನ್ನೂ ಸ್ವೀಕರಿಸಿ, ತರೀಕೆರೆಯತ್ತ ಕಾರಿನಲ್ಲಿ ಸಾಗುತ್ತಿರಲು, ಈ ಸಂವಾದವು ಆರಂಭವಾಯಿತು.

ಮಗ: ಅಪ್ಪಾ, ಅಯ್ಯನಕೆರೆ ಯಾವಾಗ ಬರುತ್ತದೆ?

ರಾಯರು: ಅದು ಸಖರಾಯಪಟ್ಟಣದ ಕಡೆಗೆ ಉಳಿಯಿತು, ಮಗು. ಕೆರೆಯು ಶತಮಾನಗಳಿಂದ ಅಲ್ಲಿಯೇ ಇದೆ; ಚಿಕ್ಕಪ್ಪನವರಿಗಾದರೋ ಎಂಬತ್ತು ದಾಟಿದೆ.

ಮಡದಿ: ಅಮೃತಾಪುರವನ್ನಾದರೂ ನೋಡೋಣವೆ? 1196ರಲ್ಲಿ ವೀರಬಲ್ಲಾಳನ ದಂಡನಾಯಕನು ಕಟ್ಟಿಸಿದ ಗುಡಿ. ಮಂಟಪದ ಗೋಡೆಯ ಮೇಲೆ ರಾಮಾಯಣವನ್ನೇ ಕೆತ್ತಿದ್ದಾರಂತೆ.

ರಾಯರು: ಅವಶ್ಯವಾಗಿ. ಆದರೆ ಮೊದಲು ತರೀಕೆರೆಯಲ್ಲಿ ನಿನ್ನ ಸೋದರತ್ತೆಯವರ ಮನೆಗೆ ಐದೇ ನಿಮಿಷ! ಊರಿಗೆ ಬಂದೂ ಮನೆಗೆ ಬಾರದವರೆಂಬ ಅಪವಾದವು ಮೂರು ತಲೆಮಾರು ಅಳಿಯದು.

ಆ ಐದು ನಿಮಿಷಗಳು ಕೋಡುಬಳೆಯಿಂದ ಮೊದಲಾಗಿ, ಮದುವೆಯ ಆಲ್ಬಮ್ಮಿನ ಪಾರಾಯಣವನ್ನು ದಾಟಿ, ಅರಿಶಿನ, ಕುಂಕುಮ, ರವಿಕೆಕಣಗಳಲ್ಲಿ ಪರ್ಯವಸಾನ ಹೊಂದುವಷ್ಟರಲ್ಲಿ ಸೂರ್ಯನು ಅಸ್ತಂಗತನಾಗಿ, ರಾಮಾಯಣವನ್ನು ಕತ್ತಲೆಯಲ್ಲಿಯೇ ಬಿಟ್ಟು, ಕಾರು ಅಜ್ಜಂಪುರವನ್ನು ಸೇರಿತು.

ಮಗ: ಇಲ್ಲಿ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆಯಂತೆ, ಹೈದರ್-ಟಿಪ್ಪು ಸೈನ್ಯದ ಫಿರಂಗಿಗಳನ್ನೆಳೆದ ಎತ್ತುಗಳ ವಂಶವಂತೆ. ಮೇಷ್ಟರು ರಜೆಯಲ್ಲಿ ಕಂಡ ಇತಿಹಾಸವನ್ನು ಬರೆದು ತರಹೇಳಿದ್ದಾರೆ. ಈಗ ಏನು ಬರೆಯಲಿ?

ರಾಯರು: ಎತ್ತುಗಳ ವಂಶವೇಕೆ, ನಮ್ಮ ವಂಶವನ್ನೇ ಬರೆ. ಆದರೆ ಒಬ್ಬರ ಹೆಸರೂ ಬಿಟ್ಟುಹೋಗಬಾರದು. ಬಿಟ್ಟೆಯೋ, ಅವರನ್ನು ಸಮಾಧಾನಪಡಿಸಲು ಬೇಸಗೆಯ ರಜೆಯೂ ವಿನಿಯೋಗವಾದೀತು!