ಅತ್ತೆಯನ್ನು ಬಿಟ್ಟು ಉಳಿದದ್ದೆಲ್ಲ ಕಟಾವು

ಮನೆಯೊಳಗೆ ಎರಡು ಪಕ್ಷ ಹುಟ್ಟಿಸಲು ಒಂದು ಹಳದಿ ಹೂವು ಸಾಕು. ನ್ಯೂಜೆರ್ಸಿಯ ಎಡಿಸನ್ ಕಡೆ ಏಪ್ರಿಲ್ ಕಳೆಯುವಷ್ಟರಲ್ಲಿ ಲಾನ್ ತುಂಬ ಡ್ಯಾಂಡಿಲಯನ್ ತಲೆಯೆತ್ತುತ್ತದೆ. ನಮ್ಮ ಯಜಮಾನರಿಗೆ ಅದು ಕಳೆ. ಧಾರವಾಡದಿಂದ ಬಂದಿರುವ ಅತ್ತೆಗೆ ಅದು ಊಟ. ನಾನು ಮೈಸೂರಿನವಳು, ಬೇಯಿಸದ ಸೊಪ್ಪನ್ನು ಬಾಯಿಗಿಟ್ಟು ಗೊತ್ತಿಲ್ಲದವಳು. ಹಾಗಾಗಿ ಯಾವ ಪಕ್ಷಕ್ಕೂ ಸೇರಲಿಲ್ಲ. ಕಿಟಕಿಯಲ್ಲಿ ನಿಂತು ಎಲ್ಲ ನೋಡಿದೆ. ನಗು ಇನ್ನೂ ನಿಂತಿಲ್ಲ, ಸಿಟ್ಟೂ ಪೂರ್ತಿ ಇಳಿದಿಲ್ಲ.

ಜಗಳದ ಬೇರು ಹಿತ್ತಲಲ್ಲಿದೆ. ಚಳಿಗಾಲವಿಡೀ ಸೋಫಾ ಬಿಟ್ಟೇಳದ ನಮ್ಮವರು ಬೀದಿಯಲ್ಲಿ ಫಾರ್ಸಿತಿಯಾ ಪೊದೆ ಹಳದಿಯಾದದ್ದೇ ತಡ, ಸ್ಪ್ರೆಡರ್ ತಳ್ಳಿಕೊಂಡು ಹೊರಡುತ್ತಾರೆ. ಮಣ್ಣಿನ ಬಿಸಿ 55 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕ್ರ್ಯಾಬ್‌ಗ್ರಾಸ್ ಎಂಬ ಕಳೆಯ ಬೀಜ ಮೊಳೆಯಲು ಶುರು. ಅದಕ್ಕೆ ಮುಂಚೆಯೇ ಮೊಳಕೆ ತಡೆಯುವ ಔಷಧಿ ಬೀಳಬೇಕು. ಬಿತ್ತು. ಆ ಔಷಧಿಗೆ ಕ್ರ್ಯಾಬ್‌ಗ್ರಾಸ್ ಯಾವುದು, ಕೊತ್ತಂಬರಿ ಯಾವುದು ಎಂಬ ಭೇದವಿಲ್ಲ. ಬೇಲಿಯ ಬುಡದಲ್ಲಿ ಅತ್ತೆ ಗುಟ್ಟಾಗಿ ಚೆಲ್ಲಿದ್ದ ಮೆಂತೆ, ಕೊತ್ತಂಬರಿ ಒಂದೂ ಮೇಲೇಳಲಿಲ್ಲ. ಅವರು ದಿನಾ ಬೆಳಿಗ್ಗೆ ಬಗ್ಗಿ ನೋಡಿ ಇಂಡಿಯನ್ ಅಂಗಡಿಯವನನ್ನು ಬಯ್ಯುತ್ತಿದ್ದರು: ‘ಹುಳಾ ಹಿಡದ ಮೆಂತೆ ಕೊಟ್ಟಾನ ನೋಡವಾ, ಅವನ ಮನಿ ಹಾಳಾಗ.’ ತಮಾಷೆಯೆಂದರೆ ಬೋಳಾದ ಜಾಗಕ್ಕೆಂದು ನಮ್ಮವರೇ ತಂದು ಹಾಕಿದ ದುಬಾರಿ ಹುಲ್ಲಿನ ಬೀಜವೂ ಮೊಳೆಯಲಿಲ್ಲ. ಔಷಧಿ ಹಾಕಿದ ಜಾಗದಲ್ಲಿ ತಿಂಗಳುಗಟ್ಟಲೆ ಏನನ್ನೂ ಬಿತ್ತಬಾರದೆಂದು ಚೀಲದ ಬೆನ್ನ ಮೇಲೇ ಅಚ್ಚಾಗಿತ್ತು. ಅದನ್ನು ಗಟ್ಟಿಯಾಗಿ ಓದಿ, ಕನ್ನಡಕ್ಕೂ ತಿರುಗಿಸಿ ಹೇಳಿದವನು ನಮ್ಮ ಮಗ. ಓದಿದ್ದು ಅಜ್ಜಿಯ ಎದುರಿಗೆ. ಎಂಟನೇ ಕ್ಲಾಸಿನ ಹುಡುಗರಿಗೆ ಬುದ್ಧಿ ಇರುತ್ತದೆ, ಸಮಯಪ್ರಜ್ಞೆ ಇರುವುದಿಲ್ಲ.

ಮುಂದಿನ ಅಂಗಳ ಮುಟ್ಟುವ ಹೊತ್ತಿಗೆ ಚೀಲ ಖಾಲಿಯಾಗಿತ್ತು. ಆಗಿರದಿದ್ದರೂ ಡ್ಯಾಂಡಿಲಯನ್ ಕ್ಯಾರೇ ಅನ್ನುತ್ತಿರಲಿಲ್ಲ. ಅದು ವರ್ಷವರ್ಷವೂ ಬೇರಿನಿಂದಲೇ ಚಿಗುರುವ ಗಿಡ. ತಾಯಿಬೇರು ನೆಟ್ಟಗೆ ಪಾತಾಳಕ್ಕಿಳಿದಿರುತ್ತದೆ. ಕಿತ್ತರೆ ಅರ್ಧ ಕೈಗೆ ಬಂದು, ಉಳಿದರ್ಧ ಹೊಸ ಗಿಡವಾಗುತ್ತದೆ. ಬೀಜ ಕಟ್ಟಲು ಪರಾಗವೂ ಬೇಕಿಲ್ಲ. ಗಂಡಿನ ಹಂಗಿಲ್ಲದೆ ಬೀಜ ಮಾಡುತ್ತದಂತೆ ಎಂದು ಮೊಮ್ಮಗ ಹೇಳಿದಾಗ ಅತ್ತೆ ಮಾವನ ಕಡೆ ಒಮ್ಮೆ ನೋಡಿ, ‘ಶಾಣೇ ಗಿಡ ಐತಿ’ ಎಂದರು.

ಅಷ್ಟಕ್ಕೇ ಬಿಡಲಿಲ್ಲ. ಒಂದು ಎಲೆ ಮುರಿದರು. ತುದಿಯಲ್ಲಿ ಬಿಳಿ ಹಾಲು ಜಿನುಗಿತು. ‘ಹಾಲು ಬಂತು ನೋಡಿಲ್ಲೆ! ಇದು ನಮ್ಮ ಹಕ್ಕರಿಕಿ ಪೈಕಿನ!’ ಅಮೆರಿಕದಲ್ಲಿ ನೆಂಟರು ಸಿಕ್ಕ ಸಂಭ್ರಮ ಅವರ ಮುಖದಲ್ಲಿ. ಪರೀಕ್ಷಿಸಿದರೆ ಅತ್ತೆಯ ಮಾತೇ ನಿಜ: ಅವರ ಊರ ಕಡೆ ಹಸಿಯಾಗಿಯೇ ತಿನ್ನುವ ಹಕ್ಕರಿಕೆ ಸೊಪ್ಪೂ ಡ್ಯಾಂಡಿಲಯನ್ನೂ ಸೂರ್ಯಕಾಂತಿಯ ಕುಟುಂಬದವು, ಲೆಟಿಸ್‌ಗೆ ದಾಯಾದಿಗಳು. ಡ್ಯಾಂಡಿಲಯನ್ ಈ ದೇಶಕ್ಕೆ ಬಂದದ್ದೂ ಯುರೋಪಿನ ವಲಸಿಗರ ಜೊತೆಯಲ್ಲಿ, ಊಟಕ್ಕೂ ಔಷಧಕ್ಕೂ ಆಗಲಿ ಎಂದು. ಅಂದಿನಿಂದ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಪಕ್ಕದಲ್ಲಿ ಒಂದು ಹಿಡಿ ಲಾನ್.

ಮಾವ ಮಾತ್ರ ಇದ್ಯಾವುದಕ್ಕೂ ತಲೆ ಹಾಕಲಿಲ್ಲ. ಅವರಿಗೆ ಕರಿಬೇವಿನ ಚಾಕರಿಯೇ ಸಾಕಾಗಿತ್ತು. ಚಳಿಗಾಲವೆಲ್ಲ ಹಾಲ್‌ನ ಕಿಟಕಿ ಹಿಡಿದು ಕೂತು ಎಲೆ ಉದುರಿಸಿದ ಆ ಕುಂಡವನ್ನು ಮಧ್ಯಾಹ್ನ ಹೊರಗಿಡುವುದು, ಸಂಜೆ ಒಳಗೆ ತರುವುದು, ರಾತ್ರಿ ಹತ್ತು ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುತ್ತದೋ ಎಂದು ಫೋನ್ ನೋಡುತ್ತ ಕೂರುವುದು. ತಮ್ಮ ಮಗ ಹುಟ್ಟಿದಾಗಲೂ ಇಷ್ಟು ಎದ್ದು ಕೂತವರಲ್ಲ ಎಂದು ಅತ್ತೆಯ ಆರೋಪ.

ಮೇ ತಿಂಗಳ ಒಂದು ಶನಿವಾರ ಯಜಮಾನರು ಪಂಪು ಬೆನ್ನಿಗೇರಿಸಿಕೊಂಡು ಹೊರಬಂದರು. ಒಳಗಿದ್ದದ್ದು ಟೂ-ಫೋರ್-ಡಿ. ಹುಲ್ಲನ್ನು ಬಿಟ್ಟು ಅಗಲ ಎಲೆಯ ಕಳೆಯನ್ನು ಮಾತ್ರ ಕೊಲ್ಲುವ ಔಷಧಿ. ಬೆಳವಣಿಗೆಯ ಹಾರ್ಮೋನಿನ ವೇಷ ಹಾಕಿ ಒಳಹೊಕ್ಕು, ಗಿಡ ಅಡ್ಡಾದಿಡ್ಡಿ ಬೆಳೆದೇ ಸಾಯುವಂತೆ ಮಾಡುತ್ತದೆ. ‘ಕಬ್ಬಿಗೆ ಹೊಡೀತಿದ್ವಲ್ಲ, ಅದನ ಅಲ್ಲೇನು?’ ಎಂದು ಮಾವ ಹಳೆಯ ಗೆಳೆಯನನ್ನು ಗುರುತಿಸಿದರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಇಳಕಲ್ ಸೀರೆ, ಮೇಲೆ ಮಗನ ಹಳೆಯ ಕಾಲೇಜಿನ ಜಾಕೆಟ್, ತಲೆಗೆ ಮಂಕಿ ಕ್ಯಾಪ್, ಕಾಲಿಗೆ ಸ್ನೀಕರ್ಸ್. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಇನ್ನೊಂದರಲ್ಲಿ ಕೊಡೆ. ಲಾನ್‌ನ ನಟ್ಟನಡುವೆ, ಡ್ಯಾಂಡಿಲಯನ್ ಒತ್ತಾಗಿ ಎದ್ದಲ್ಲೇ ಕುರ್ಚಿ ಹಾಕಿ ಅತ್ತೆ ಕೂತರು.

‘ಅವ್ವಾ, ಏಳವಾ. ಔಷಧ ಹೊಡೀಬೇಕು.’

‘ಹೊಡಿ. ಮೊದಲ ನನಗ ಹೊಡಿ.’

‘ಎಚ್‌ಒಎದವರು, ಕಾಲೊನಿ ಸಂಘದವರು, ನೋಟಿಸ್ ಕಳಸ್ತಾರ.’

‘ಕಳಸ್ಲಿ. ಕೊಡಾಕ ಬಂದವರಿಗೆ ಎರಡು ರೊಟ್ಟಿ ಹೆಚ್ಚಿಗಿ ಬಡಿತೀನಿ.’

ಮೂವತ್ತು ಜನರ ಟೀಮನ್ನು ಆಳುವ ಮನುಷ್ಯ ಪಂಪು ಇಳಿಸಿದರು. ಔಷಧಿ ಬೇಡ, ಹುಲ್ಲಾದರೂ ಕೊಯ್ಯೋಣ ಎಂದು ರಾಜಿಯಾಗಿ, ಆ ಕೆಲಸಕ್ಕೆ ಡಾಲರ್ ಲೆಕ್ಕದಲ್ಲಿ ಕೂಲಿ ಪಡೆಯುವ ಮಗನನ್ನು ಕರೆದರು. ಅವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮೋವರ್ ಚಾಲೂ ಮಾಡಿದ. ಅಜ್ಜಿಯನ್ನು ಏಳಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳದ್ದನ್ನು ಮಾಡುವ ಕುಲದವನಲ್ಲ ಅವನು. ಆದ್ದರಿಂದ ಅಜ್ಜಿಯ ಸುತ್ತ ಕೊಯ್ದ.

ಅತ್ತೆ ಅಲುಗಲಿಲ್ಲ. ಮೋವರ್ ಹತ್ತಿರ ಬಂದಾಗ ಕಾಲೆತ್ತಿಕೊಳ್ಳುತ್ತಾರೆ ಎಂದುಕೊಂಡೆ. ಚಾಚಿದರು. ಕಾಲು ಚಾಚಿದಷ್ಟು ಸೀಮೆ ಹೆಚ್ಚಾಯಿತು. ಮುಂದಿನ ಸುತ್ತಿಗೆ ಕೊಡೆ ಚಾಚಿದರು. ಸೀಮೆ ಇನ್ನೂ ಒಂದು ಮೊಳ ಹಿಗ್ಗಿತು. ಕೂತಲ್ಲೇ ಕುರ್ಚಿ ತಿರುಗಿಸುತ್ತ, ಕೊಡೆಯ ತುದಿಯಿಂದ ಗಡಿ ಗೀಚುತ್ತ ನಾಲ್ಕು ದಿಕ್ಕನ್ನೂ ಕಾಯ್ದರು. ಹುಡುಗ ಕೊಡೆಯ ತುದಿಯನ್ನೇ ಅನುಸರಿಸಿ ಅಚ್ಚುಕಟ್ಟಾಗಿ ತಿರುಗಿದ. ಅವನ ಜಾಮೆಟ್ರಿ ಮಾರ್ಕ್ಸ್ ಕಾರ್ಡಿನಲ್ಲಿ ಕಾಣದ ನಿಖರತೆ ಅಂದು ಲಾನ್‌ನಲ್ಲಿ ಕಂಡಿತು. ಮೋವರ್ ನಿಂತಾಗ ಅಂಗಳವೆಲ್ಲ ಗಾಲ್ಫ್ ಮೈದಾನ, ನಡುವೆ ದುಂಡಗೆ ಒಂದು ಕಾಡು, ಕಾಡಿನ ನಡುವೆ ಮಂಕಿ ಕ್ಯಾಪ್. ಚಹಾ ತಂದ ಮಾವ ಗಡಿಯಲ್ಲೇ ನಿಂತು, ‘ಒಳಗ ಬರಬಹುದೇನು?’ ಎಂದು ಕೇಳಿದರು. ‘ಚಪ್ಪಲಿ ಬಿಟ್ಟು ಬರ್ರಿ’ ಎಂಬ ಉತ್ತರ ಬಂತು.

ನಾಯಿ ಹಿಡಿದು ಹೊರಟಿದ್ದ ಪಕ್ಕದ ಬೀದಿಯ ಹೆಂಗಸು ನಿಂತು ನೋಡಿ, ಎದೆ ಮುಟ್ಟಿಕೊಂಡು ‘ನೋ ಮೋ ಮೇ! ವಂಡರ್‌ಫುಲ್!’ ಎಂದರು. ಜೇನಿಗೆ ಹೂವು ಸಿಗಲೆಂದು ಮೇ ತಿಂಗಳಲ್ಲಿ ಹುಲ್ಲು ಕೊಯ್ಯದಿರುವ ಪದ್ಧತಿ ಅದು; ಬ್ರಿಟನ್ನಿನ ಪ್ಲಾಂಟ್‌ಲೈಫ್ ಸಂಸ್ಥೆ 2019ರಲ್ಲಿ ಶುರು ಮಾಡಿದ್ದು, ಮರುವರ್ಷ ವಿಸ್ಕಾನ್ಸಿನ್‌ನ ಆಪಲ್ಟನ್ ಊರಿಗೂ ಬಂತು. ಮಗ ಕಣ್ಣು ಮಿಟುಕಿಸದೆ ‘ಯೆಸ್’ ಎಂದ. ಸಂಜೆಯೊಳಗೆ ರಟ್ಟಿನ ಬೋರ್ಡೂ ನೆಟ್ಟ. ಏನು ಬರೆದೀ ಎಂದು ಅತ್ತೆ ಕೇಳಿದರು. ‘ಮೇ ತಿಂಗಳಲ್ಲಿ ಹುಲ್ಲು ಕೊಯ್ಯಬಾರದು ಅಂತ ಅಜ್ಜಿ. ಒಂಥರಾ ವ್ರತ.’

‘ವ್ರತಾ ಅಂದಮ್ಯಾಲ ಉದ್ಯಾಪನಿ ಯಾವಾಗ?’

‘ಜೂನ್ ಒಂದು.’

ಅತ್ತೆಗೆ ಸಮಾಧಾನವಾಯಿತು. ಶಾಸ್ತ್ರವಿದ್ದ ಮೇಲೆ ಕೂರಲು ಅಡ್ಡಿಯೇನು? ಬಿಸಿಲಿದ್ದ ದಿನವೆಲ್ಲ ಅಲ್ಲೇ ಕೂರತೊಡಗಿದರು. ಅವರಿಗೆ ಇಲ್ಲಿ ಕಾರು ಓಡಿಸಲು ಬಾರದು, ಇಂಗ್ಲಿಷ್ ಬಾರದು. ನಾವಿಬ್ಬರೂ ಹಗಲೆಲ್ಲ ಮೀಟಿಂಗ್‌ನಲ್ಲಿ. ದಾರಿಯಲ್ಲಿ ಹೋಗುವ ಪ್ರತಿಯೊಬ್ಬರಿಗೂ ಅತ್ತೆ ‘ಊಟಾತೇನ್ರೀ?’ ಅನ್ನುತ್ತಾರೆ, ಹೋಗುವವರು ‘ಗುಡ್ ಈವ್ನಿಂಗ್’ ಅನ್ನುತ್ತಾರೆ. ‘ಮಂದಿ ಭಾಳ ಚಲೋ ಅದಾರ, ಎಲ್ಲಾರದೂ ಊಟಾ ಆಗಿರತೈತಿ’ ಎಂದು ರಾತ್ರಿ ನನಗೆ ವರದಿ. ಯಜಮಾನರು ಅದನ್ನು ಕೇಳಿ ಸುಮ್ಮನೆ ರೊಟ್ಟಿ ಮುರಿದರು. ಚಿಕ್ಕವರಿದ್ದಾಗ ಹಕ್ಕರಿಕೆಯನ್ನು ತಟ್ಟೆಯ ಕೆಳಗೆ ಬಚ್ಚಿಡುತ್ತಿದ್ದವರಂತೆ. ಕಹಿ ಡ್ಯಾಂಡಿಲಯನ್ನನ್ನು ಎರಡನೇ ಸಲ ಹಾಕಿಸಿಕೊಂಡರು. ಅತ್ತೆ ಗಮನಿಸಿಯೂ ಗಮನಿಸದಂತೆ ಮೂರನೇ ಸಲವೂ ಹಾಕಿದರು.

ಕೈ ತೊಳೆಯುವ ಮುನ್ನ ಒಪ್ಪಂದವಾಯಿತು: ದುಂಡನೆಯ ಜಾಗ ಅವ್ವನದು, ಉಳಿದ ಲಾನ್ ಮಗನದು, ಔಷಧಿ ಬೇಸ್‌ಮೆಂಟಿನದು. ಮಾವ ಸಾಕ್ಷಿ. ಯಜಮಾನರು ಗೆದ್ದೆನೆಂದುಕೊಂಡೇ ಮಲಗಿದರು.

ಬೆಳಿಗ್ಗೆ ನೋಡಿದರೆ ಕುರ್ಚಿ ಹತ್ತಡಿ ಆಚೆ ಸರಿದಿದೆ. ಹೊಸ ವೃತ್ತಕ್ಕೆ ಕೂಲಿ ಬೇರೆ ಎಂದು ಮಗ ಕೇಳುತ್ತಿದ್ದಾನೆ.