ಇನ್ನೊಂದು ಬೇಸಿಗೆ ಓಡುತ್ತೆ

ಪೂರ್ತಿ ಕೆಟ್ಟುಹೋದ ಫ್ರಿಜ್ಜನ್ನು ಯಾರು ಬೇಕಾದರೂ ಬದಲಿಸಬಹುದು, ದುಡ್ಡಿದ್ದರೆ ಸಾಕು. ಪೂರ್ತಿ ಕೆಡದ, ಪೂರ್ತಿ ನಡೆಯದ ಫ್ರಿಜ್ಜನ್ನು ಬದಲಿಸಬೇಕಾದರೆ ವೈರಾಗ್ಯ ಬೇಕು. ಬಳ್ಳಿಗಾವೆಯ ಅಲ್ಲಮನಿಗೆ ಆ ವೈರಾಗ್ಯ ಇತ್ತು. ಅಲ್ಲಿಗೆ ಹತ್ತಿರದಲ್ಲೇ, ಶಿರಾಳಕೊಪ್ಪದಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಭಾವನವರಿಗೆ ಇಲ್ಲ.

ಭಾವನವರ ಅಡುಗೆಮನೆಯಲ್ಲಿ ಆಳೆತ್ತರದ ಸ್ಟೀಲಿನ ನಾಲ್ಕು ಬಾಗಿಲ ಫ್ರಿಜ್ಜೊಂದಿತ್ತು. ಬೆಂಗಳೂರಿನಲ್ಲಿ ಯಾವುದೋ ಹೋಟೆಲ್ ಮುಚ್ಚಿದಾಗ ಸೆಕೆಂಡ್ ಹ್ಯಾಂಡಿಗೆ ತಂದದ್ದು. ದೋಸೆ ಹಿಟ್ಟು, ಹಾಲು, ತುರಿದ ಕಾಯಿ, ನಾಳೆಯ ಸಾಗುವಿಗೆ ಹೆಚ್ಚಿಟ್ಟ ತರಕಾರಿ, ಎಲ್ಲಕ್ಕೂ ಅದೇ ಗತಿ. ಬಾಗಿಲು ನಾಲ್ಕಿದ್ದರೂ ಮುಚ್ಚುತ್ತಿದ್ದದ್ದು ಮೂರು. ನಾಲ್ಕನೆಯದಕ್ಕೆ ಎಣ್ಣೆಯ ಡಬ್ಬ ಒತ್ತು ಕೊಟ್ಟು ನಿಲ್ಲಿಸಬೇಕಿತ್ತು.

ಬದಲಿಸಿ ಅಂದರೆ ಭಾವನವರು ಇತಿಹಾಸಕ್ಕೆ ಕೈಹಾಕುತ್ತಿದ್ದರು. "ತಾಳಗುಂದದ ಕಂಬ ನೋಡಿದೀಯಲ್ಲ ಮಾರಾಯ? ಕದಂಬರ ಕಾಲದ್ದು. ಸಾವಿರದೈನೂರು ವರ್ಷ ಆದ್ರೂ ಗಟ್ಟಿ ನಿಂತಿಲ್ವಾ? ನಮ್ಮ ಸೀಮೇಲಿ ಹಳೇದನ್ನ ಎಸೆಯೋ ಪದ್ಧತಿ ಇಲ್ಲ."

"ಭಾವ, ಆ ಕಂಬಕ್ಕೆ ಕಂಪ್ರೆಸರ್ ಇಲ್ಲ."

"ಇದಕ್ಕಾದ್ರೂ ಎಲ್ಲಿದೆ? ಹೋದ್ವರ್ಷ ತಾನೇ ಬೇರೆ ಹಾಕ್ಸಿದ್ದು."

ಆ ಕಂಪ್ರೆಸರ್ ಹಾಕಿದ ಮಿಸ್ತ್ರಿಯನ್ನು ಊರೆಲ್ಲ ಭಾಯ್ ಅನ್ನುತ್ತದೆ. ಬಂದವರೇ ಮೊದಲು ಬಗ್ಗಿ ಕೆಳಗಿನ ಜಾಲರಿ ಬಿಚ್ಚುತ್ತಾರೆ. ಒಳಗಿನ ಬಿಸಿಯನ್ನು ಹೊರಗೆ ಹಾಕುವ ಕಂಡೆನ್ಸರ್ ಇರುವುದು ಅಲ್ಲಿ. ಒಲೆಯ ಪಕ್ಕ ನಿಂತ ಫ್ರಿಜ್ಜಿನ ಕಂಡೆನ್ಸರಿಗೆ ವರ್ಷಗಟ್ಟಲೆ ವಡೆಯ ಹೊಗೆ, ಒಗ್ಗರಣೆಯ ಎಣ್ಣೆ, ಮೈದಾದ ಧೂಳು ಮೆತ್ತಿಕೊಂಡು ಕಂಬಳಿಯೇ ಹೊದಿಸಿದಂತಾಗಿತ್ತು. ಕಂಬಳಿ ಹೊದ್ದ ಯಂತ್ರ ಬಿಸಿಯನ್ನು ಎಲ್ಲಿಗೆ ಬಿಡಬೇಕು? ಭಾಯ್ ಬ್ರಶ್ಶಿನಲ್ಲಿ ತಿಕ್ಕಿ ತೆಗೆದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತಿತ್ತು. ಅವರ ಪ್ರಕಾರ ಅರ್ಧ ಫ್ರಿಜ್ಜುಗಳು ಸಾಯುವುದು ಮುಪ್ಪಿನಿಂದಲ್ಲ, ಕೊಳೆಯಿಂದ.

ಆಮೇಲೆ ಬಾಗಿಲಿನ ರಬ್ಬರಿನ ಪರೀಕ್ಷೆ. ನೋಟೊಂದನ್ನು ಅಂಚಿಗಿಟ್ಟು ಬಾಗಿಲು ಹಾಕಬೇಕು. ಎಳೆದಾಗ ಬಿಗಿಯಾಗಿ ಹಿಡಿದರೆ ರಬ್ಬರ್ ಚೆನ್ನಾಗಿದೆ, ಸಲೀಸಾಗಿ ಬಂದರೆ ಹೋಗಿದೆ. ಭಾವನವರು ಗಲ್ಲಾದಿಂದ ಹತ್ತರ ನೋಟು ಕೊಟ್ಟರು. ಎಳೆಯುವ ಶ್ರಮವನ್ನೂ ಕೊಡದೆ ಅದು ತಾನಾಗಿಯೇ ನೆಲಕ್ಕೆ ಬಿತ್ತು.

"ನೋಟು ಹಳೇದು ಭಾಯ್, ಸವೆದು ನುಣ್ಣಗಾಗಿದೆ."

"ಐನೂರರದು ಕೊಡಿ ಸಾವ್ಕಾರ್ರೇ, ಅದನ್ನ ನಾನೇ ಹಿಡ್ಕೋತೀನಿ."

ಭಾವನವರ ಇನ್ನೊಂದು ನಂಬಿಕೆ, ಬೈಕಿಗೆ ಪೆಟ್ರೋಲ್ ಹಾಕಿಸಿದ ಹಾಗೆ ಫ್ರಿಜ್ಜಿಗೆ ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು ಎಂಬುದು. ಆದರೆ ಫ್ರಿಜ್ಜು ಗ್ಯಾಸನ್ನು ಕುಡಿಯುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸು ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಯಿತೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕಿ ಬೆಸುಗೆ ಹಾಕದೆ ತುಂಬಿಸಿದ ಗ್ಯಾಸು ಗಾಳಿಗೆ ಕೊಟ್ಟ ದಾನ. ಓಝೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದ ಹಳೆಯ ಸಿಎಫ್‌ಸಿ ಅನಿಲಗಳಿಗೆ ವಿದಾಯ ಹೇಳಿತು. ಅವುಗಳ ಜಾಗಕ್ಕೆ ಬಂದ ಆರ್-134ಎ ಓಝೋನಿನ ತಂಟೆಗೆ ಹೋಗುವುದಿಲ್ಲ, ನಿಜ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೇಲು. ಎರಡು ಕ್ಯಾನು ಹಾಲನ್ನು ತಣ್ಣಗಿಡಲು ಭಾವನವರು ವರ್ಷವರ್ಷವೂ ಭೂಮಂಡಲವನ್ನು ಬೆಚ್ಚಗೆ ಮಾಡುತ್ತಿದ್ದರು.

ಲೆಕ್ಕ ಹಾಕಿದರೆ ಕಣ್ಣು ತೆರೆಯಬಹುದೆಂದು ನಾನು ಪೆನ್ನು ಹಿಡಿದೆ. 500 ವ್ಯಾಟಿನ ಯಂತ್ರ ಕಟ್ ಆಫ್ ಆಗದೆ ಹಗಲೂ ರಾತ್ರಿ ಓಡಿದರೆ ದಿನಕ್ಕೆ 12 ಯೂನಿಟ್. ಆರೋಗ್ಯವಾಗಿದ್ದು ಅರ್ಧ ಹೊತ್ತು ಮಾತ್ರ ಓಡಿದರೆ 6. ದಿನಕ್ಕೆ 6ರಂತೆ ವರ್ಷಕ್ಕೆ 2,190 ಯೂನಿಟ್ ದಂಡ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 15,000 ದಾಟುತ್ತದೆ. ಅದರ ಮೇಲೆ ಭಾಯ್ ಖರ್ಚು. ರಿಪೇರಿಯ ಖರ್ಚು ಹೊಸದರ ಅರ್ಧ ಬೆಲೆ ಮುಟ್ಟಿತೆಂದರೆ ಕೈಬಿಡಬೇಕು ಎನ್ನುವುದು ಈ ಕಸುಬಿನವರ ರೂಢಿಯ ಮಾತು. ಭಾವನವರು ಲೆಕ್ಕವನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡು, "ಇನ್ನೊಂದು ಬೇಸಿಗೆ ಓಡುತ್ತೆ ಬಿಡು" ಅಂದರು. ಒಂದೊಂದು ರಿಪೇರಿಯೂ ಬಿಡಿಬಿಡಿಯಾಗಿ ಬರುತ್ತದೆ, ಹೊಸ ಫ್ರಿಜ್ಜು ಇಡಿಯಾಗಿ ಬರುತ್ತದೆ. ಎರಡು ಸಾವಿರವನ್ನು ಐವತ್ತು ಸಲ ಕೊಡುವ ಧೈರ್ಯ ಇದ್ದವರಿಗೂ ಲಕ್ಷವನ್ನು ಒಂದು ಸಲ ಕೊಡುವ ಧೈರ್ಯ ಇರುವುದಿಲ್ಲ.

ಕೊನೆಗೆ ಲೆಕ್ಕ ತೆಗೆದವಳು ಅಕ್ಕ, ಅದೂ ಬೇರೆ ರೀತಿಯಲ್ಲಿ. ಮೊದಲು ಒಂದು ಥರ್ಮಾಮೀಟರ್ ತರಿಸಿ ಹಿಟ್ಟಿನ ಪಾತ್ರೆಯ ಪಕ್ಕ ಇಟ್ಟಳು. ತಣ್ಣಗಿಡಬೇಕಾದ ಆಹಾರ 5 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು ಎಂಬುದು ಆಹಾರ ಸುರಕ್ಷತೆಯ ನಿಯಮ. ಅದು 11 ತೋರಿಸಿತು. ಮುಟ್ಟಿದರೆ ತಣ್ಣಗೇ ಇತ್ತು. ಕೈಗೆ 5ಕ್ಕೂ 11ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಹಾಲಿಗೆ ತಿಳಿಯುತ್ತದೆ. "ಥರ್ಮಾಮೀಟರ್ ಸರಿ ಇಲ್ಲ" ಅಂದರು ಭಾವ.

ಅಕ್ಕ ವಾದಕ್ಕಿಳಿಯದೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟ ತೆಗೆದು ಬರೆಯುತ್ತಾ ಹೋದಳು. ಬೆಳಿಗ್ಗೆ ಕೆಳಗೆ ನಿಂತ ನೀರು ಬಳಿಯಲು ಒಬ್ಬ ಹುಡುಗ. ಕರೆಂಟು ಹೋಗಿ ಬಂದಾಗ ಸ್ವಿಚ್ ಆರಿಸಿ ಐದು ನಿಮಿಷ ಗಡಿಯಾರ ನೋಡುತ್ತಾ ನಿಲ್ಲಲು ಸಪ್ಲೈಯರ್. ಐಸ್ ಕೆರೆಯಲು ದೋಸೆ ಭಟ್ಟರು. ಮಧ್ಯಾಹ್ನ ಹುಳಿ ಬಂದ ಹಿಟ್ಟಿಗೆ ಅಕ್ಕಿಹಿಟ್ಟು ಬೆರೆಸಿ ಸರಿಮಾಡಲು ಅಕ್ಕ. ಎಣ್ಣೆ ಡಬ್ಬ ಖಾಲಿಯಾದಾಗ ಬಾಗಿಲಿಗೆ ಬೆನ್ನುಕೊಟ್ಟು ನಿಲ್ಲಲು ಸ್ವತಃ ಭಾವ. ರಾತ್ರಿ ಗಲ್ಲಾ ಎಣಿಸುವ ಹೊತ್ತಿಗೆ ಓದಿ ಹೇಳಿದಳು:

"ಗಿರಾಕಿ ನೋಡ್ಕೊಳ್ಳೋಕೆ ಇಬ್ರು, ಫ್ರಿಜ್ಜು ನೋಡ್ಕೊಳ್ಳೋಕೆ ಐವರು. ನಾವು ನಡೆಸ್ತಿರೋದು ಹೋಟ್ಲಾ, ಆಸ್ಪತ್ರೇನಾ?"

ಬದಲಿಸುವ ಕಾಲಕ್ಕೆ ಇದಕ್ಕಿಂತ ಸ್ಪಷ್ಟ ಗುರುತನ್ನು ನಾನು ಕಂಡಿಲ್ಲ. ಯಂತ್ರ ಶಬ್ದ ಮಾಡಿದಾಗಲ್ಲ, ಬಿಲ್ ಏರಿದಾಗಲೂ ಅಲ್ಲ. ಯಂತ್ರದ ಕೆಲಸವನ್ನು ಮನುಷ್ಯರು ಹಂಚಿಕೊಂಡು, ಅದನ್ನೇ ದಿನಚರಿ ಅಂದುಕೊಂಡಾಗ.

ಹೊಸದು ಬಂತು. ಒಳಗಿರುವುದು ಆರ್-290, ಅಂದರೆ ಪ್ರೊಪೇನ್. ಭೂಮಿಗೆ ಸಾಧು, ಬೆಂಕಿಗೆ ಮಾತ್ರ ಬಲು ಪ್ರೀತಿ. ಭಾಯ್ ಹಿಂದಿನ ಚೀಟಿ ಓದಿ, "ಇದಕ್ಕೆ ಬೆಸುಗೆ ಹಾಕೋಕೆ ಮುಂಚೆ ನಾನೂ ಹೊಸದಾಗಿ ಕಲೀಬೇಕು ಸಾವ್ಕಾರ್ರೇ" ಅಂದರು. ಒಲೆಯ ಪಕ್ಕ ಇಡಗೊಡಲಿಲ್ಲ, ಎದುರಿನ ಗೋಡೆಗೆ ಸರಿಸಿದರು.

ಹಳೆಯದನ್ನು ಒಯ್ಯಲು ಗುಜರಿಯವನು ಬಂದ. ಭಾವನವರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು: ಕಂಪ್ರೆಸರ್ ಹೋದ ವರ್ಷದ್ದು, ಗ್ಯಾಸ್ ಮೊನ್ನೆ ತುಂಬಿಸಿದ್ದು, ಮೂರು ಬಾಗಿಲು ಒರಿಜಿನಲ್, ಇನ್ನೂ ಒಂದು ಬೇಸಿಗೆ ಆರಾಮಾಗಿ ಓಡುತ್ತೆ.

ಗುಜರಿಯವನು ತಕ್ಕಡಿ ಇಳಿಸುತ್ತಾ ಅಂದ: "ಓಡೋದೆಲ್ಲ ಬೇಡ ಸಾವ್ಕಾರ್ರೇ. ನಂದು ಕೆಜಿ ಲೆಕ್ಕ."