ಬಿಳಿ ಪೈನ್‌ನ ಬುಡಾವರಣ ಶಿಖರೀಕರಣ: ಒಂದು ಸೈದ್ಧಾಂತಿಕ ಪ್ರವೇಶಿಕೆ

ಬಿಳಿ ಪೈನ್ ಎಂದರೆ ಗೊಂಚಲಿಗೆ ಐದೈದು ಸೂಜಿಯೆಲೆ ಬಿಡುವ ಮರ. ಮರಕ್ಕೆ ಇಷ್ಟು ಸಾಕು. ಡೆಟ್ರಾಯಿಟ್ ಹೊರವಲಯದ ನಮ್ಮ ಬಡಾವಣೆಯ ಸಂಘಕ್ಕೆ ಸಾಲದು. ಅವರು ಮನೆಮನೆಗೆ ಹಂಚಿದ ಮಾರ್ಗಸೂಚಿಯಲ್ಲಿ ಮರ ಎಂಬ ಪದವೇ ಇಲ್ಲ, ‘ಭೂದೃಶ್ಯ ಘಟಕ’ವಿದೆ (ಅನುವಾದ ನನ್ನದು, ಪಾಪ ಅವರದು). ಆದ್ದರಿಂದ ಪ್ರಸ್ತುತ ಅಧ್ಯಯನವು ಸದರಿ ಘಟಕವನ್ನು ‘ಪಂಚಸೂಚೀಗುಚ್ಛ ನಿತ್ಯಹರಿದ್ವರ್ಣ ಊರ್ಧ್ವಮುಖಿ ಸ್ಥಾವರ’ ಎಂದು ನಿರ್ವಚಿಸಿ ಮುಂದುವರಿಯುತ್ತದೆ.

ಸ್ಥಾವರದ ಆಯಾಮ ಮೀಮಾಂಸೆ: ಅಂಗಳದಲ್ಲಿ ಇದು 50ರಿಂದ 80 ಅಡಿ ಏರುತ್ತದೆ, 20ರಿಂದ 40 ಅಡಿ ಹರಡುತ್ತದೆ. ಇದನ್ನು ಗ್ಯಾರೇಜಿನ ಗೋಡೆಗೆ ಆರಡಿ ಬಿಟ್ಟು ನೆಟ್ಟು, ಮುಂದೆ ‘ಘಟಕವು ಅತಿಕ್ರಮಣ ಎಸಗಿದೆ’ ಎಂದು ನೋಟಿಸು ಕೊಡುವುದು ವಿದ್ವತ್‌ಸಮ್ಮತ ಕ್ರಮ.

ಘಟಕವನ್ನು ಕಾಡುವ ತಾಪಗಳು ನಾಲ್ಕು: ಆಧಿಭೌತಿಕ, ಆಧಿದೈವಿಕ, ಆಧ್ಯಾತ್ಮಿಕ, ಗುತ್ತಿಗೆದಾರ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಮೊದಲನೆಯದು. ರಸ್ತೆ ಕಡೆಯ ಸೂಜಿಗಳು ಸುಟ್ಟಂತೆ ಕಂದಾಗುತ್ತವೆ. ತುದಿಚಿಗುರನ್ನು ಒಳಗೇ ಕೊರೆದು ದೋಟಿಯ ಕೊಕ್ಕೆಯಂತೆ ಬಾಗಿಸುವ ಸೊಂಡಿಲ ಹುಳುವೂ ಅದರಲ್ಲೇ ಸೇರಲಿ. ಶರತ್ಕಾಲದಲ್ಲಿ ಒಳಗಿನ ಹಳೆಯ ಸೂಜಿ ಹಳದಿಯಾಗಿ ಉದುರುವುದು ತಾಪವಲ್ಲ, ಮರದ ವಾಡಿಕೆ. ಸಂಘದ ಕಡತದಲ್ಲಿ ಮಾತ್ರ ರೋಗ. ನಡುವಿನ ಎರಡು ತಾಪಗಳನ್ನು ಹುಡುಕುವ ಉತ್ಸಾಹ ನನಗಿಲ್ಲ. ನಾಲ್ಕನೆಯದಕ್ಕೇ ಬರುತ್ತೇನೆ.

ಏಪ್ರಿಲ್‌ನಲ್ಲಿ ಲಾರಿ ಬರುತ್ತದೆ. ಬಣ್ಣ ಹಚ್ಚಿದ ಮರದ ಚಕ್ಕೆಯನ್ನು ಕಾಂಡಕ್ಕೆ ಒತ್ತಿ ಮೊಣಕಾಲೆತ್ತರ ಪೇರಿಸುತ್ತಾರೆ. ಶಾಸ್ತ್ರದಲ್ಲಿ ಇದೇ ಶಿಖರೀಕರಣ. ಬೇಕಿರುವುದು ಎರಡು ಮೂರು ಇಂಚು, ಅದೂ ಕಾಂಡಕ್ಕೆ ತಾಗದಂತೆ. ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ ನೋಡಿ, “ಅಲ್ಲ ಮಾರಾಯ, ಇದನ್ನ ಯಾರು ಕುತ್ತಿಗೆ ತನಕ ಹೂತದ್ದು?” ಅಂದಳು. ಅಡಿಟಿಪ್ಪಣಿ ಇಲ್ಲದ ಒಂದೇ ವಾಕ್ಯ.

ಕೈ ಹಾಕಿ ಬಗೆದೆ. ಒಳಗೆಲ್ಲ ಬಿಸಿ, ಹುಳಿ ವಾಸನೆ. ತೊಗಟೆ ನೆನೆದ ರಟ್ಟಿನ ಹಾಗೆ ಬೆರಳಿಗೆ ಎದ್ದು ಬಂತು. ಹೆಬ್ಬೆರಳು ದಪ್ಪದ ಬೇರೊಂದು ಕಾಂಡವನ್ನೇ ಸುತ್ತಿ ಬಿಗಿದಿತ್ತು. ಕೈಯಿಂದ ದುಡ್ಡು ಕೊಟ್ಟು, ವರ್ಷಾವರ್ಷ, ಗಟ್ಟಿಮುಟ್ಟಾದ ಮರವನ್ನು ಉಸಿರು ಕಟ್ಟಿಸಿದ್ದೇವೆ. ಬಿಲ್ಲಿನಲ್ಲಿ ಅದಕ್ಕೆ ‘ಆರೈಕೆ’ ಅಂತ ಬರೆದಿದ್ದಾರಲ್ಲ, ನಾಚಿಕೆಯಾಗಬೇಡವೇ?

1955ರಿಂದ ಇದು ಮಿಷಿಗನ್ನಿನ ರಾಜ್ಯವೃಕ್ಷ. ಅದಕ್ಕೂ ಮೊದಲು, ಹತ್ತೊಂಬತ್ತನೆಯ ಶತಮಾನದಲ್ಲಿ, ಇಲ್ಲಿನ ಪೈನ್ ಕಾಡುಗಳನ್ನು ಕಡಿದು, ದಿಮ್ಮಿಗಳನ್ನು ಹೊಳೆಯಲ್ಲಿ ತೇಲಿಬಿಟ್ಟು, ಹಲಗೆ ಕೊಯ್ದು ಮಾರಿ ಮುಗಿಸಿದ್ದರು. ಗ್ರೇಲಿಂಗ್ ಊರಿನ ಬಳಿ ಹಾರ್ಟ್‌ವಿಕ್ ಪೈನ್ಸ್‌ನಲ್ಲಿ 49 ಎಕರೆಯಷ್ಟು ಹಳೆಯ ಕಾಡು ಉಳಿದಿದೆ. ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಮರಗಳ ಬುಡಕ್ಕೆ ಯಾರೂ ಏನೂ ಸುರಿಯುವುದಿಲ್ಲ; ಅವು ಉದುರಿಸಿದ ಸೂಜಿಯೇ ಕಾಲಡಿಗೆ ಮೆತ್ತಗಿರುತ್ತದೆ. ಗಾಳಿ ಎದ್ದಿತು. ಗುಡ್ಡದಾಚೆಯಿಂದ ಮಳೆ ಹೊಯ್ದುಕೊಂಡು ಬರುವ ಅದೇ ಸದ್ದು. ಅಮ್ಮ ಸೆರಗನ್ನು ತಲೆಗೆ ಹೊದ್ದು ಮೇಲೆ ನೋಡಿದಳು. ಮಳೆ ಇರಲಿಲ್ಲ.

ಮನೆಗೆ ಮರಳಿದಾಗ ಬಾಗಿಲಿಗೆ ಸಂಘದ ಚೀಟಿ ಸಿಕ್ಕಿಸಿತ್ತು: ‘ಘಟಕದ ಬುಡಾವರಣ ಅಪೂರ್ಣ. ಹತ್ತು ದಿನದೊಳಗೆ ಸರಿಪಡಿಸುವುದು.’